ಚಳಿಜ್ವರದ ಚಿತ್ರ

ಕೈಯೇ ಏಳದ ಮನುಷ್ಯನೊಬ್ಬ ಚಿತ್ರ ಬರೆಯುವಂತಾದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಅನಸೂಯಾ ಹಂಚಿನಮನಿ ತನ್ನ ಆಯುಷ್ಯದ ಹದಿನಾರು ವರ್ಷ ಸವೆಸಿದ್ದಳು. ಕೊನೆಗೆ ಧಾರವಾಡದ ಹೊರವಲಯದ ಪ್ರಯೋಗಾಲಯದಲ್ಲಿ ಅವಳು ಮಾಡಿ ಮುಗಿಸಿದ ಯಂತ್ರ ನೋಡಲಿಕ್ಕೆ ಏನೂ ಅಲ್ಲ: ಕತ್ತಿಗೆ ಸುತ್ತಿಕೊಳ್ಳುವ, ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಅದರ ಒಳಮೈಯಲ್ಲಿ ಅರವತ್ತನಾಲ್ಕು ಲೋಹದ ಚುಕ್ಕಿಗಳು.

ಕೈ ಎತ್ತಬೇಕೆಂದು ಮನಸ್ಸು ಮಾಡಿದ ಕೂಡಲೇ ಮಿದುಳು ಸಂಕೇತ ಕಳಿಸುತ್ತದೆ. ಬೆನ್ನುಹುರಿ ತುಂಡಾದವರಲ್ಲಿ ಅದು ಕೈವರೆಗೆ ಹೋಗಿ ಮುಟ್ಟುವುದಿಲ್ಲ. ಆದರೆ ಕತ್ತು, ದವಡೆಗಳ ಸ್ನಾಯುಗಳಲ್ಲಿ ಅದರ ಸಣ್ಣದೊಂದು ಅಲುಗಾಟ ಉಳಿದಿರುತ್ತದೆ. ಪಟ್ಟಿ ಅದನ್ನು ಹಿಡಿದು ಪರದೆಯ ಮೇಲೆ ಗೆರೆ ಮಾಡುತ್ತದೆ. ತೊಡಕು ಏನೆಂದರೆ, ಉಸಿರು, ಉಗುಳು ನುಂಗುವುದು, ನಾಡಿಮಿಡಿತ ಎಲ್ಲವೂ ಅದೇ ಸ್ನಾಯುಗಳನ್ನು ಅಲುಗಿಸುತ್ತವೆ. ಈ ಗದ್ದಲದೊಳಗಿಂದ ಗೆರೆಯನ್ನು ಹೆಕ್ಕಿ ತೆಗೆಯಲು ಅನಸೂಯಾ ಒಂದು ಪ್ರೋಗ್ರಾಂ ಬರೆದು, ಅದಕ್ಕೆ ಲಕ್ಷಗಟ್ಟಲೆ ಚಿತ್ರಗಳನ್ನು ತೋರಿಸಿ ಕಲಿಸಿದ್ದಳು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು 'ಊಹೆ' ಎನ್ನುತ್ತಿದ್ದರು. ಸೊನ್ನೆಯಿಂದ ನೂರರವರೆಗೆ ಅದರ ಅಳತೆ. ಹದಿನೈದಕ್ಕಿಟ್ಟರೆ ಗದ್ದಲವನ್ನಷ್ಟೇ ತೆಗೆಯುತ್ತದೆ. ಎಪ್ಪತ್ತು ದಾಟಿಸಿದರೆ, ಗೆರೆಯ ಆರಂಭ ಕಂಡರೆ ಸಾಕು, ಉಳಿದದ್ದನ್ನು ತಾನೇ ಮುಗಿಸಿಬಿಡುತ್ತದೆ.

ಈ ಪಟ್ಟಿಯನ್ನು ನಂಬಿಕೊಂಡೇ 'ಪಡಸಾಲೆ' ಶುರುವಾಗಿದ್ದು. ಅದು ಮೂರು ತಿಂಗಳ ಕಲಾವಿದರ ಶಿಬಿರ. ಆದರೆ ಯಾರೂ ಮನೆ ಬಿಟ್ಟು ಬರಬೇಕಾಗಿಲ್ಲ. ರೈಲು ಹತ್ತಲಾಗದವರು, ಮೆಟ್ಟಿಲು ಏರಲಾಗದವರು, ಹಾಸಿಗೆಯಿಂದ ಏಳಲಾಗದವರು ತಮ್ಮ ತಮ್ಮ ಕೋಣೆಯಿಂದಲೇ ಪರದೆಯ ಮೂಲಕ ಒಂದೇ ಪಡಸಾಲೆಯಲ್ಲಿ ಕೂಡುತ್ತಿದ್ದರು. ಒಬ್ಬರು ಬರೆಯುವುದು ಇನ್ನೊಬ್ಬರಿಗೆ ಕಾಣಿಸುತ್ತಿತ್ತು, ಮಾತುಕತೆ ನಡೆಯುತ್ತಿತ್ತು. ಮೊದಲ ಶಿಬಿರಕ್ಕೆ ಹನ್ನೊಂದು ಮಂದಿ ಕಲಾವಿದರು ಆಯ್ಕೆಯಾಗಿದ್ದರು. ಅವರಲ್ಲಿ ಒಬ್ಬರು ಇಳಕಲ್ಲಿನ ದಾವಲಸಾಬ ಕಲಾದಗಿ.

ದಾವಲಸಾಬರು ಇಪ್ಪತ್ತೈದು ವರ್ಷ ಬೋರ್ಡು ಬರೆದವರು. ಅಂಗಡಿಯ ಹೆಸರು, ಲಾರಿಯ ಹಿಂಬದಿ, ಶಾಲೆಯ ಗೋಡೆ, ಏನು ಕೊಟ್ಟರೂ ಸೈ. ಹತ್ತು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯ ಎರಡನೇ ಮಹಡಿಯ ಬೋರ್ಡು ಬರೆಯುವಾಗ ಕಟ್ಟಿದ್ದ ಬಿದಿರು ಜಾರಿ ಕೆಳಗೆ ಬಿದ್ದರು. ಅಂದಿನಿಂದ ಕತ್ತಿನ ಕೆಳಗೆ ಏನೂ ಅವರ ಮಾತು ಕೇಳುವುದಿಲ್ಲ. ಪಟ್ಟಿ ಹಾಕಿಕೊಂಡ ಮೊದಲ ದಿನ ಅವರು ಬರೆದದ್ದು ಒಂದೇ ಒಂದು ಬಾಗಿದ ಗೆರೆ. ಅದಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಅದು ನಡುಗುತ್ತಿತ್ತು, ನಡುವೆ ಎರಡು ಕಡೆ ದಪ್ಪಗಾಗಿತ್ತು.

ಆ ಗೆರೆ ಮೂಡಿದ್ದು ದಾನಿಗಳೆದುರು. ಶಿಬಿರಕ್ಕೆ ನೆರವು ಕೊಟ್ಟ ಸಂಸ್ಥೆಗಳವರು ಪರದೆಯ ಮೂಲಕ ನೋಡಲು ಬಂದಿದ್ದ ದಿನ ಅದು. ಹತ್ತು ನಿಮಿಷವಾಗುತ್ತಿದ್ದಂತೆ ಅವರಲ್ಲಿ ಒಬ್ಬೊಬ್ಬರದೇ ಹೆಸರು ಪರದೆಯ ಮೇಲಿಂದ ಮಾಯವಾಗತೊಡಗಿತು. ಶಿಬಿರದ ನಿರ್ದೇಶಕ ಸದಾನಂದ ಗುಡಗೇರಿ ಅನಸೂಯಾಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಮೈಕು ಬಂದ್ ಮಾಡಿ, "ಮೇಡಂ, ಇದನ್ನ ಹಿಂಗ ಎಷ್ಟು ಹೊತ್ತು ನೋಡೋದು? ಮುಂದಿನ ವರ್ಷ ಇವರ್ಯಾರೂ ನಮ್ಮ ಕಡೆ ಹೊಳ್ಳಿ ನೋಡೂದಿಲ್ಲ," ಎಂದ.

ಅನಸೂಯಾಳಿಗೆ ಹದಿನಾರು ವರ್ಷದ ಕೆಲಸ ಎಲ್ಲರೆದುರು ತೆವಳುತ್ತಿದೆ ಅನ್ನಿಸಿತು. ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಅವಳಿಗೆ ದಾವಲಸಾಬರ ಬಗ್ಗೆಯೇ ನಾಚಿಕೆಯಾಯಿತು. ಬಾಯಿ ಅರೆತೆರೆದು, ದವಡೆ ಬಿಗಿದು, ಬೆವರು ಇಳಿಸುತ್ತಿದ್ದ ಆ ಮುಖವನ್ನು ಕ್ಯಾಮೆರಾದಿಂದ ಸರಿಸಿಬಿಡೋಣ ಅನ್ನಿಸಿತ್ತು. ಆಗ ಇದನ್ನು ಅವಳು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

ಮರುದಿನ ಅವಳು ದಾವಲಸಾಬರ ಊಹೆಯನ್ನು ಎಂಬತ್ತಕ್ಕೆ ಏರಿಸಿದಳು. ನಿಧಾನವಾಗಿದ್ದ ಇನ್ನೂ ಮೂವರದನ್ನೂ ಏರಿಸಿದಳು. ಯಾರಿಗೂ ಹೇಳಲಿಲ್ಲ. ಒಪ್ಪಿಗೆ ಪತ್ರದ ಒಂಬತ್ತನೇ ಪುಟದಲ್ಲಿ 'ಸಂಕೇತಗಳನ್ನು ಅಗತ್ಯಕ್ಕೆ ತಕ್ಕಂತೆ ಸಂಸ್ಕರಿಸಲಾಗುವುದು' ಎಂಬ ಸಾಲಿತ್ತು. ಅಷ್ಟು ಸಾಕು ಎಂದುಕೊಂಡಳು.

ಒಂದು ವಾರದಲ್ಲಿ ದಾವಲಸಾಬರ ಕ್ಯಾನ್ವಾಸು ತುಂಬಿತು. ಮುದುಕಿಯ ಮುಖ, ಬಾವಿಕಟ್ಟೆ, ಕುದುರೆ. ಗೆರೆ ಎಣ್ಣೆ ಸುರಿದಂತೆ ಇಳಿಯುತ್ತಿತ್ತು. ಪತ್ರಿಕೆಗಳಲ್ಲಿ ಬಂತು. ಉಳಿದ ಕಲಾವಿದರು ಚಪ್ಪಾಳೆ ತಟ್ಟಿದರು. ಒಂದು ಬೆಳಿಗ್ಗೆ ದಾವಲಸಾಬರೇ ಅನಸೂಯಾಳಿಗೆ ಕರೆ ಮಾಡಿಸಿದರು. ಅವರ ಹೆಂಡತಿ ಹಸೀನಾ ಫೋನನ್ನು ಅವರ ಮುಖದ ಮುಂದೆ ಹಿಡಿದಿದ್ದಳು.

"ಮೇಡಂ, ನನ್ನ ಕೈ ಬಂತ್ರಿ," ಎಂದರು ದಾವಲಸಾಬ. ಕಣ್ಣಲ್ಲಿ ನೀರಿತ್ತು. "ಹತ್ತು ವರ್ಷ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಬಂತ್ರಿ. ನಾ ಅಷ್ಟ ಅಂದ್ಕೊಂಡ್ರ ಸಾಕು, ಗೆರಿ ತಾನ ಓಡತೈತಿ. ಓಣಿ ಮಂದಿಗೆಲ್ಲಾ ಹೇಳೀನಿ."

"ಖುಷಿ ಆತ್ರಿ," ಎಂದಳು ಅನಸೂಯಾ. ಫೋನಿಟ್ಟ ಮೇಲೆ ಬಹಳ ಹೊತ್ತು ಪರದೆಯ ಮೇಲಿನ ಎಂಬತ್ತು ಎಂಬ ಅಂಕಿಯನ್ನೇ ನೋಡುತ್ತ ಕೂತಳು. ದಿನಕ್ಕೆರಡು ಅಂಕಿ ಇಳಿಸುತ್ತ ಬಂದರೆ ಅವರಿಗೆ ಗೊತ್ತಾಗದು ಎಂಬ ಉಪಾಯ ಹೊಳೆಯಿತು. ಇಳಿಸಲಿಲ್ಲ.

ಎರಡನೇ ತಿಂಗಳ ನಡುವೆ ಅದು ನಡೆಯಿತು. ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರದ ಸೋಂಕು ಪದೇ ಪದೇ ಬರುತ್ತದೆ. ಅಂದು ಮಧ್ಯಾಹ್ನ ದಾವಲಸಾಬರು ಪಟ್ಟಿ ಹಾಕಿಕೊಂಡು ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ ಚಳಿಜ್ವರ ಏರಿತು. ಹಸೀನಾ ಗಾಬರಿಯಲ್ಲಿ ಕಂಬಳಿ ಹೊದಿಸಿ, ಮಾತ್ರೆ ತರಲು ಓಡಿದಳು. ಪಟ್ಟಿ ಬಿಚ್ಚುವುದು ಅವಳಿಗೆ ನೆನಪಾಗಲಿಲ್ಲ. ಧಾರವಾಡದಲ್ಲಿ ಅನಸೂಯಾ ನೋಡುತ್ತಿದ್ದಂತೆ ದಾವಲಸಾಬರ ಕ್ಯಾನ್ವಾಸಿನ ಮೇಲೆ ಗೆರೆಗಳು ಧುಮುಕತೊಡಗಿದವು. ನಲವತ್ತು ನಿಮಿಷದಲ್ಲಿ ಒಂದು ಚಿತ್ರ ನಿಂತಿತು: ಮಗ್ಗದ ಮುಂದೆ ಕೂತ ಹೆಂಗಸು, ಅವಳ ಬೆರಳುಗಳ ನಡುವಿನಿಂದ ಮಳೆಯಂತೆ ಇಳಿಯುವ ಎಳೆಗಳು. ಪಡಸಾಲೆಯಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ನೋಡಿದರು. ದಾವಲಸಾಬರ ಚಿತ್ರಗಳಲ್ಲೇ ಅದು ಶ್ರೇಷ್ಠ ಎಂದು ಎಲ್ಲರೂ ಒಪ್ಪಿದರು.

ಜ್ವರ ಇಳಿದ ಮೂರನೇ ದಿನ ದಾವಲಸಾಬರು ಮತ್ತೆ ಕರೆ ಮಾಡಿಸಿದರು.

"ಮೇಡಂ, ಆವತ್ತು ನಾ ಹಲ್ಲು ಕಟಕಟ ಕಡೀತಾ ಬಿದ್ದಿದ್ದೆ. ಮೈಮ್ಯಾಲ ಎಚ್ಚರ ಇರಲಿಲ್ಲ. ಆ ಮಗ್ಗದ ಚಿತ್ರ ಯಾರು ಬರದ್ರು?"

ಅನಸೂಯಾಳಿಗೆ ಉತ್ತರ ಗೊತ್ತಿತ್ತು. ದಾಖಲೆಗಳನ್ನು ಅಂದೇ ತೆಗೆದು ನೋಡಿದ್ದಳು. ದವಡೆಯ ನಡುಕ ಸಾವಿರಾರು ಸಣ್ಣ ಆರಂಭಗಳನ್ನು ಕೊಟ್ಟಿತ್ತು. ಊಹೆ ಒಂದೊಂದನ್ನೂ ಹಿಡಿದು, ತಾನು ಕಲಿತ ಲಕ್ಷ ಚಿತ್ರಗಳಿಂದ ಮುಗಿಸಿ ಕೊಟ್ಟಿತ್ತು. ಆ ಹೆಂಗಸು ದಾವಲಸಾಬರ ಮನಸ್ಸಿಗೆ ಬಂದವಳೇ ಅಲ್ಲ.

"ನೀವ ಬರದೀರಿ," ಎಂದಳು ಅನಸೂಯಾ. "ಎಚ್ಚರ ಇಲ್ಲದಾಗ ಒಳಮನಸ್ಸು ಕೆಲಸ ಮಾಡ್ತದ. ಪಟ್ಟಿ ಅದನ್ನ ಹಿಡದದ."

ದಾವಲಸಾಬರು ಮಗುವಿನಂತೆ ನಕ್ಕರು. "ಹೌದೇನ್ರಿ? ನನ್ನ ಒಳಗ ಅಂಥಾದ್ದು ಇತ್ತೇನ್ರಿ?"

ಆ ನಗು ಅವಳನ್ನು ಬಿಡಲಿಲ್ಲ. ಗುಡಗೇರಿ 'ಜ್ವರದಲ್ಲಿ ಮೂಡಿದ ಚಿತ್ರ' ಎಂದು ಎಲ್ಲ ಕಡೆ ಸಾರಿದ. ಹೊಸದಾಗಿ ಕಟ್ಟುತ್ತಿದ್ದ ಒಂದು ಬಸ್ ನಿಲ್ದಾಣದ ಮುಂಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಮೂಡಿಸುವುದೆಂದು ತೀರ್ಮಾನವಾಯಿತು. ಗೋಡೆ ಬರೆಯುತ್ತ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡದು ಇನ್ನೇನು?

ಅನಸೂಯಾ ತನ್ನ ಅಣ್ಣ ಮುಕುಂದನ ಜೊತೆ ಧಾರವಾಡದ ಮಾಳಮಡ್ಡಿಯ ಸಣ್ಣ ಮನೆಯಲ್ಲಿದ್ದಳು. ಮುಕುಂದನಿಗೆ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನದಲ್ಲಿಲ್ಲ. ಮಾತು ಒಂದೊಂದೇ ಅಕ್ಷರವಾಗಿ, ಎಳೆದೆಳೆದು ಬರುತ್ತದೆ. ಸಂದರ್ಶನಗಳಲ್ಲಿ ಅನಸೂಯಾ "ಈ ಯಂತ್ರಕ್ಕೆ ನನ್ನ ಅಣ್ಣನೇ ಪ್ರೇರಣೆ" ಎನ್ನುತ್ತಿದ್ದಳು. ಒಮ್ಮೆ ಅವನ ಫೋಟೋ ಕೂಡ ಅಚ್ಚಾಗಿತ್ತು. ತಾನು ಎಂಟನೇ ಇಯತ್ತೆಯಲ್ಲಿದ್ದಾಗ ಗೆಳತಿಯರು ಮನೆಗೆ ಬಂದರೆ, ಒಳಕೋಣೆಯ ಬಾಗಿಲು ಎಳೆದು, "ಒಳಗ ಯಾರೂ ಇಲ್ಲ" ಎಂದಿದ್ದನ್ನು ಅವಳು ಯಾವ ಸಂದರ್ಶನದಲ್ಲೂ ಹೇಳಿರಲಿಲ್ಲ.

ಆ ಭಾನುವಾರ ಅಣ್ಣನಿಗೆ ಅವಲಕ್ಕಿ ತಿನ್ನಿಸುತ್ತ ಅವಳು ಎಲ್ಲವನ್ನೂ ಹೇಳಿಕೊಂಡಳು. ಮುಕುಂದ ಅಗಿಯುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ ಬಾಯಿ ತೆರೆದ.

"ನ... ನನಗೂ..."

"ನಿನಗೂ ಸಿಟ್ಟು ಬಂತು, ಹೌದಿಲ್ಲೊ?" ಎಂದಳು ಅನಸೂಯಾ.

ಮುಕುಂದ ತಲೆ ಅಲ್ಲಾಡಿಸಿದ. "ನನಗೂ ನೀ..."

"ನಿನಗೂ ಪಟ್ಟಿ ಬೇಕಾಗಿತ್ತೇನು?"

ಅವನು ಕಣ್ಣು ಮುಚ್ಚಿದ. ತಂಗಿ ಕೈಯಲ್ಲಿ ಚಮಚ ಹಿಡಿದು ಕಾದಳು. ಕುತ್ತಿಗೆಯ ನರ ಉಬ್ಬಿಸಿಕೊಂಡು, ಉಸಿರು ಕೂಡಿಸಿ ಕೂಡಿಸಿ ಅವನು ಮುಗಿಸಿದ:

"ನನಗೂ... ನೀ... ಹಿಂಗ... ಮಾಡ್ತಿ."

ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಹೇಳಬೇಕಾಗಿದ್ದದ್ದನ್ನು ಎಷ್ಟೋ ಕಾಲದ ಮೇಲೆ ಹೇಳಿದವನಂತೆ ಹಗುರಾಗಿ ಮತ್ತೆ ಬಾಯಿ ತೆರೆದ, ಅವಲಕ್ಕಿಗಾಗಿ. ಅನಸೂಯಾಳಿಗೆ ಚಮಚ ಎತ್ತಲಾಗಲಿಲ್ಲ. ತನ್ನ ನಲವತ್ತಾರು ವರ್ಷದಲ್ಲಿ ಈ ಮನುಷ್ಯನ ಎಷ್ಟು ಮಾತು ತಾನು ಮುಗಿಸಿಬಿಟ್ಟಿದ್ದೇನೆ, ಅದರಲ್ಲಿ ಎಷ್ಟು ತಪ್ಪಾಗಿ ಮುಗಿಸಿದ್ದೇನೆ, ಎಷ್ಟು ಸಲ ಅವನು ಹೌದೆಂದು ತಲೆಯಾಡಿಸಿ ಸುಮ್ಮನಾಗಿದ್ದಾನೆ? ಅದನ್ನು ಎಣಿಸುವ ಧೈರ್ಯ ಅವಳಿಗಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವಳು ಇಳಕಲ್ಲಿಗೆ ಹೊರಟಳು.

ದಾವಲಸಾಬರ ಮನೆ ಓಣಿಯ ಕೊನೆಯಲ್ಲಿತ್ತು. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಹಾಸಿಗೆಯ ಕಾಲ್ದೆಸೆಗೆ ಪರದೆ, ಎದುರಿನ ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಅವರದೇ ಚಿತ್ರಗಳು. ಹಸೀನಾ ಕುರ್ಚಿ ಒರೆಸಿ ಕೊಟ್ಟಳು. "ಅಷ್ಟು ದೂರದಿಂದ ನೀವ ಬಂದ್ರೇನ್ರಿ?" ಎಂದು ದಾವಲಸಾಬರು ಸಂಭ್ರಮಪಟ್ಟರು. ಅನಸೂಯಾ ಕೂರದೆ ನಿಂತೇ ಹೇಳಿದಳು. ಎಂಬತ್ತು ಎಂದರೇನು, ಯಾವ ದಿನ ಏರಿಸಿದ್ದು, ಏಕೆ ಏರಿಸಿದ್ದು, ಜ್ವರದ ದಿನ ನಿಜಕ್ಕೂ ಏನಾಯಿತು, ಕೇಳಿದಾಗ ತಾನು ಸುಳ್ಳು ಹೇಳಿದ್ದು. 'ಒಳಮನಸ್ಸು' ಎಂಬ ಮಾತನ್ನೂ ಬಿಡದೆ ಹೇಳಿದಳು.

ದಾವಲಸಾಬರು ಗೋಡೆ ಕಡೆ ಮುಖ ತಿರುಗಿಸಿದರು. ಅವರಿಗೆ ತಿರುಗಿಸಲು ಬರುತ್ತಿದ್ದದ್ದು ಅದೊಂದೇ. ಆದರೆ ಆ ಗೋಡೆಯ ಮೇಲೂ ಅದೇ ಚಿತ್ರಗಳಿದ್ದವು. ಕಣ್ಣು ಮುಚ್ಚಿಕೊಂಡರು.

ಮಾತಾಡಿದ್ದು ಹಸೀನಾ. "ನನಗ ಮೊದಲ ಅನ್ನಿಸಿತ್ರಿ. ನಮ್ಮವರು ಮೂಗು ಹಂಗ ಬರಿಯೂದಿಲ್ಲ. ಅವರು ಬರದ ಮೂಗು ಸ್ವಲ್ಪ ಎಡಕ್ಕ ಇರ್ತೈತಿ, ನಾ ಹಂಗಂತ ಚಾಷ್ಟಿ ಮಾಡ್ತಿದ್ದೆ. ಇವು ನೆಟ್ಟಗ, ಸುದ್ದ ಇದ್ದುವು. ಆದ್ರ ಅವರ ಮಾರಿ ಮ್ಯಾಲ ಖುಷಿ ನೋಡಿ ನಾನೂ ಬಾಯಿ ಬಿಡಲಿಲ್ಲ." ಹೀಗೆಂದು ಒಳಗೆ ಹೋಗಿ ಚಹಾ ತಂದಳು. ಆ ಚಹಾವನ್ನು ಅನಸೂಯಾ ಹೇಗೆ ಕುಡಿದಳೋ ಅವಳಿಗೇ ಗೊತ್ತು.

"ನಾ ಬಿದ್ದಾಗ ಬಿದಿರು ಜಾರಿತ್ತು," ಎಂದರು ದಾವಲಸಾಬ ಕಣ್ಣು ಮುಚ್ಚಿಕೊಂಡೇ. "ಬಿದಿರಿನ ಮ್ಯಾಲ ಸಿಟ್ಟು ಮಾಡಾಕ ಬರೂದಿಲ್ಲ. ನೀವು ಮನುಷ್ಯಾರದೀರಿ. ನನ್ನ ಬಾಯಿಂದ ಓಣಿ ತುಂಬಾ ಸುಳ್ಳು ಹೇಳಸಿದ್ರಿ." ಕಣ್ಣು ತೆರೆದು, "ಎಲ್ಲಾ ಚಿತ್ರ ಇಳಸ್ರಿ. ಆ ಗ್ವಾಡಿದೂ ಬ್ಯಾಡ. ಮತ್ತ ಇದನ್ನ ಪಡಸಾಲ್ಯಾಗ ಎಲ್ಲಾರ ಮುಂದ ನೀವ ಹೇಳಬೇಕು. ನಾ ಹೇಳಿದ್ರ, ಇಂವಗ ಬರಿಯಾಕ ಬರೂದಿಲ್ಲಂತ ನನಗ ಕಲ್ಲು ಹೊಡೀತಾರ," ಎಂದರು.

ಧಾರವಾಡಕ್ಕೆ ಮರಳಿದಾಗ ಗುಡಗೇರಿ ತಲೆ ಮೇಲೆ ಕೈ ಹೊತ್ತು ಕೂತ. "ಮೇಡಂ, ಹೊರಗ ಗೊತ್ತಾದ್ರ ಏನಂತಾರ ವಿಚಾರ ಮಾಡೀರೇನು? ಅಂಗವಿಕಲರು ಬರದದ್ದೆಲ್ಲಾ ಯಂತ್ರದ್ದು ಅಂತಾರ. ನಿಮ್ಮ ಪ್ರಾಮಾಣಿಕತೆಗೆ ಅವರೆಲ್ಲಾ ಹೊಡತ ತಿನ್ನಬೇಕೇನು? ಶಿಬಿರ ಮುಗಿಯೂತನಾ ತಡೀರಿ."

ಅವನ ಮಾತಿನಲ್ಲಿ ಸತ್ಯವಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತು. ಆ ಪರಿಸ್ಥಿತಿ ತಂದವಳು ತಾನೇ. "ಇವತ್ತ ಹೇಳ್ತೀನಿ," ಎಂದಳು.

ಮಧ್ಯಾಹ್ನ ಪಡಸಾಲೆಯ ಹನ್ನೊಂದು ಮುಖಗಳ ಮುಂದೆ ಅವಳು ಕೂತಳು. ಹೇಳುವುದನ್ನು ಹಾಳೆಯ ಮೇಲೆ ಬರೆದುಕೊಂಡಿದ್ದಳು. ಎರಡು ಸಾಲು ಓದಿ ಹಾಳೆ ಕೆಳಗಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದಳು. ಯಾರ ಯಾರ ಅಂಕಿ ಏರಿಸಿದ್ದೆ ಎಂದು ನಾಲ್ವರ ಹೆಸರನ್ನೂ ಹೇಳಿದಳು. ಉಡುಪಿಯ ಲಾವಣ್ಯಾ ಪೂಜಾರಿ ಆ ನಾಲ್ವರಲ್ಲಿ ಒಬ್ಬಳು. ಸ್ನಾಯುಗಳು ವರ್ಷ ವರ್ಷ ಕ್ಷೀಣಿಸುತ್ತಿದ್ದ ಇಪ್ಪತ್ತೆಂಟರ ಹುಡುಗಿ.

"ನನ್ನದು ಎಷ್ಟಿತ್ತು?" ಎಂದು ಕೇಳಿದಳು ಲಾವಣ್ಯಾ.

"ಎಪ್ಪತ್ತೈದು."

"ನನಗೆ ಅದು ಬೇಕಿತ್ತು ಮೇಡಂ. ಇನ್ನೆರಡು ವರ್ಷದಲ್ಲಿ ನನ್ನ ಕತ್ತೂ ಸುಮ್ಮನಾಗ್ತದೆ. ಯಂತ್ರ ಅರ್ಧ ಮಾಡಿಕೊಟ್ಟರೂ ಅಡ್ಡಿಯಿಲ್ಲ, ಆ ಅರ್ಧದ ಜೊತೆ ಹೇಗೆ ಆಡೋದು ಅಂತ ನಾನೇ ನೋಡ್ಕೊಳ್ತಿದ್ದೆ." ಅವಳು ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಆದರೆ ನನ್ನ ಹತ್ತಿರ ಕೇಳಬೇಕಿತ್ತಲ್ಲ. ನಾನು ಇಲ್ಲಿಯೇ ಇದ್ದೆನಲ್ಲ. ದಿನಾ ನಿಮ್ಮ ಎದುರೇ ಇದ್ದೆನಲ್ಲ."



ಗುಡಗೇರಿ ಹೆದರಿದ್ದರಲ್ಲಿ ಬಹಳಷ್ಟು ನಡೆಯಿತು. ಬಸ್ ನಿಲ್ದಾಣದವರು ಕೈಬಿಟ್ಟರು. ಪತ್ರಿಕೆಗಳು ಹಾಡಿ ಹೊಗಳಿದ್ದಷ್ಟೇ ಹುರುಪಿನಿಂದ ಜರಿದವು. ಇಬ್ಬರು ದಾನಿಗಳು ಹೊರಟುಹೋದರು. ಯಾವುದೋ ಊರಿನಲ್ಲಿ ಒಬ್ಬ ಕಲಾವಿದನ ಪ್ರದರ್ಶನವನ್ನು 'ಇದೂ ಯಂತ್ರದ್ದೇ ಇರಬೇಕು' ಎಂದು ರದ್ದು ಮಾಡಿದರಂತೆ. ಆ ಸುದ್ದಿಯನ್ನು ಅನಸೂಯಾ ಎರಡೆರಡು ಸಲ ಓದಿದಳು. ಊಹೆಯ ಅಳತೆಯನ್ನು ಅವಳು ಪ್ರಯೋಗಾಲಯದಿಂದ ತೆಗೆದು ಪ್ರತಿಯೊಬ್ಬರ ಪರದೆಯ ಮೇಲೆ, ಅವರೇ ಏರಿಳಿಸುವಂತೆ ಇಟ್ಟಳು. ಪ್ರತಿ ಚಿತ್ರದ ಕೆಳಗೆ ಎಷ್ಟಕ್ಕಿಟ್ಟು ಬರೆದದ್ದು ಎಂಬುದು ಕಾಣುವಂತೆ ಮಾಡಿದಳು. ಲಾವಣ್ಯಾ ಅರವತ್ತಕ್ಕಿಟ್ಟುಕೊಂಡು, ಅದನ್ನು ಹೆಸರಿನ ಜೊತೆಗೇ ದೊಡ್ಡದಾಗಿ ಬರೆಯತೊಡಗಿದಳು. ದಾವಲಸಾಬರು ಸೊನ್ನೆಗೆ ಇಳಿಸಿದರು. ಹದಿನೈದೂ ಬೇಡ ಎಂದರು.

ಆಮೇಲೆ ಅವರು ಅನಸೂಯಾಳೊಂದಿಗೆ ಮಾತಾಡಲಿಲ್ಲ. ಪಟ್ಟಿಯಲ್ಲಿ ಏನಾದರೂ ತೊಂದರೆಯಾದರೆ ಹಸೀನಾಳೇ ಕರೆ ಮಾಡುತ್ತಿದ್ದಳು. ದಿನಾ ನಾಲ್ಕು ಗಂಟೆ ಕೂತು, ಉಸಿರೂ ನಾಡಿಯೂ ಸೇರಿಕೊಂಡ ಗೆರೆಯಲ್ಲೇ ಅವರು ಮೂರು ವಾರದಲ್ಲಿ ಪರದೆಯ ಮೇಲೆ ಅಂಗಡಿಯದರಂಥ ಒಂದು ಬೋರ್ಡು ಬರೆದರು. ಅದರಲ್ಲಿ ಐದು ಅಕ್ಷರಗಳಿದ್ದವು: 'ಹಸೀನಾಬಾನು'. ಅಕ್ಷರಗಳು ಚಳಿ ಹಿಡಿದಂತಿದ್ದವು. ಕೆಲವರು ಅದನ್ನು ನೋಡಿ ಅಯ್ಯೋ ಪಾಪ ಎಂದರು.

ಶಿಬಿರದ ಕೊನೆಯ ದಿನ ಅನಸೂಯಾ ಯೋಜನೆಯಿಂದ ಹಿಂದೆ ಸರಿಯುವುದಾಗಿ ಹೇಳಲು ಪಡಸಾಲೆಗೆ ಬಂದಳು. ಅವಳು ಮಾತು ಮುಗಿಸುವ ಮೊದಲೇ ದಾವಲಸಾಬರು ಬಾಯಿ ತೆರೆದರು.

"ಮೇಡಂ, ಒಂದು ಕೇಳ್ತೀನಿ. ಈ ಪಟ್ಟಿ ನೀವು ಯಾವಾಗರ ಹಾಕ್ಕೊಂಡು ನೋಡೀರೇನು?"

"ಮುಂಗೈಗೆ ಹಾಕಿ ನೋಡೀನ್ರಿ. ಸಾವಿರ ಸಲ."

"ಕತ್ತಿಗೆ?"

ಅವಳು ಇಲ್ಲವೆಂದಳು.

"ಹಾಕ್ಕೋರಿ. ಸೊನ್ನಿಗೆ ಇಡ್ರಿ. ನಿಮ್ಮ ಹೆಸರು ಬರೀರಿ. ಹೋಗೂದಾದ್ರ ಅದು ಮುಗದ ಮ್ಯಾಲ ಹೋಗ್ರಿ."

ಅವಳು ಪಟ್ಟಿ ಸುತ್ತಿಕೊಂಡಳು. ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಳು. 'ಅ' ಬರೆಯಬೇಕೆಂದುಕೊಂಡಳು. ಪರದೆಯ ಮೇಲಿನ ಚುಕ್ಕೆ ಮೇಲಕ್ಕೆ ಹಾರಿ ಅಲ್ಲೇ ನಡುಗಿತು. ಉಗುಳು ನುಂಗಿದರೆ ಗೆರೆ ಅಡ್ಡ ಬೀಳುತ್ತಿತ್ತು. ಉಸಿರು ಬಿಗಿ ಹಿಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹತ್ತು ನಿಮಿಷಕ್ಕೆ ಬೆನ್ನು ಒದ್ದೆಯಾಯಿತು. ಬಾಯಿ ಅರೆತೆರೆದಿದೆ, ಮುಖ ಸೊಟ್ಟಗಾಗಿದೆ, ಹನ್ನೊಂದು ಜನ ಅದನ್ನು ನೋಡುತ್ತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಇಪ್ಪತ್ತೈದು ನಿಮಿಷವಾದರೂ ಅಕ್ಷರದ ಮೊದಲ ಸುತ್ತು ಕೂಡಿಕೊಳ್ಳಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿ ಪರದೆ ಮಸುಕಾಯಿತು. ಒರೆಸಿಕೊಳ್ಳಲು ಕೈ ತೆಗೆಯುವ ಮನಸ್ಸಾಗಲಿಲ್ಲ.

"ನನ್ನಿಂದ ಹೊತ್ತು ಹಾಳಾಗಲಿಕ್ಕೆ ಹತ್ತೇದ್ರಿ," ಎಂದಳು. "ನೀವೆಲ್ಲಾ ಹೊರಡ್ರಿ."

ಯಾರ ಹೆಸರೂ ಪರದೆಯಿಂದ ಕದಲಲಿಲ್ಲ. ಯಾರೂ ನಗಲಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎಂದೂ ಹೇಳಲಿಲ್ಲ. ಲಾವಣ್ಯಾ ತನ್ನ ತಲೆದಿಂಬನ್ನು ಸರಿಮಾಡಿಸಿಕೊಂಡು ಮತ್ತೆ ನೋಡತೊಡಗಿದಳು. ಇಳಕಲ್ಲಿನಲ್ಲಿ ಹಸೀನಾ ಹಾಸಿಗೆಯ ತುದಿಗೆ ಬಂದು ಕೂತಳು.

"ಅವಸರ ಇಲ್ರಿ," ಎಂದರು ದಾವಲಸಾಬ. "ಬರೀರಿ. ನಾವು ಕುಂತೀವಿ."